ಮಣ್ಣು ಬೇಡದ ಗಿಡ, ನಾನು ಮತ್ತು ನಮ್ಮತ್ತೆ

ವಿಜ್ಞಾನ ಪಾಠ ಮಾಡುವ ಟೀಚರ್ ಮನೆಯಲ್ಲಿ ಗಿಡಗಳು ಚೆನ್ನಾಗಿರುತ್ತವೆ ಎಂದು ಯಾರಾದರೂ ನಂಬಿದ್ದರೆ, ಅವರು ಕಡೂರಿನ ನಮ್ಮ ಮನೆಗೆ ಬಂದಿಲ್ಲ ಎಂದರ್ಥ. ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಕುಂಡಗಳ ಸಾಲೇ ಇದೆ, ಒಂದೊಂದರಲ್ಲೂ ಒಂದೊಂದು ಒಣಕಡ್ಡಿ. ಗುಲಾಬಿ ನೀರು ಹೆಚ್ಚಾಗಿ ಹೋಯಿತು, ದಾಸವಾಳ ನೀರಿಲ್ಲದೆ ಹೋಯಿತು, ತುಳಸಿ ಯಾಕೆ ಹೋಯಿತೋ ದೇವರಿಗೇ ಗೊತ್ತು. ಇಂಥ ನನ್ನ ಕೈಗೆ ಜೀವಂತ ಗಿಡವೊಂದು ಬಂದರೆ ಏನಾದರೊಂದು ನಡೆಯದೆ ಇರುವುದಿಲ್ಲ.

ಬಸ್ಸಿನಲ್ಲಿ

ನಿವೃತ್ತರಾಗಿ ತರೀಕೆರೆಯಲ್ಲಿರುವ ನಮ್ಮ ಹಳೆಯ ಹೆಡ್‌ಮಿಸ್ಟ್ರೆಸ್ ಮೇಡಂ ನನಗೊಂದು ಗಾಳಿಗಿಡ ಕೊಟ್ಟರು. ಅಂಗೈಯಗಲದ್ದು. ಕೆಳಗೆ ಗೆಡ್ಡೆಯಂತೆ ಉಬ್ಬಿತ್ತು, ಮೇಲೆ ಸುರುಳಿ ಸುತ್ತಿದ ಎಲೆಗಳಿದ್ದವು.

"ಇದಕ್ಕೆ ಮಣ್ಣು ಬೇಡ. ವಾರಕ್ಕೊಂದು ಸಲ ನೀರಲ್ಲಿ ಮುಳುಗಿಸು, ಚೆನ್ನಾಗಿ ಕೊಡವು, ತಲೆಕೆಳಗಾಗಿ ನೇತುಹಾಕಿ ಒಣಗಿಸು. ಬೆಳಕಿರಲಿ, ಉರಿಬಿಸಿಲು ಬೇಡ. ಇದನ್ನೂ ಸಾಯಿಸಿದ್ರೆ ನಿನಗೆ ವಿಜ್ಞಾನದ ಪೀರಿಯಡ್ ಕೊಟ್ಟಿದ್ದೇ ನನ್ನ ತಪ್ಪು ಅಂದ್ಕೋತೀನಿ. ಒಂದಿನ ಬಂದು ನೋಡ್ತೀನಿ," ಎಂದರು. ಅಲ್ಲಿಗೆ ನನ್ನ ಮಾನ ಒಂದು ಬೇರಿಲ್ಲದ ಗಿಡಕ್ಕೆ ಜೋತುಬಿತ್ತು.

ಕಡೂರು ಬಸ್ಸಿನಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಪಕ್ಕದ ಸೀಟಿನಲ್ಲಿ ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರರೊಬ್ಬರಿದ್ದರು. ಬಹಳ ಹೊತ್ತು ನೋಡಿ, "ಮೊಳಕೆ ಬಂದ್ಬಿಟ್ಟೈತಲ್ಲಮ್ಮಾ," ಎಂದರು.

"ಈರುಳ್ಳಿ ಅಲ್ಲ, ಇದು ಅನಾನಸ್ ಕುಟುಂಬಕ್ಕೆ ಸೇರಿದ ಗಿಡ," ಎಂದೆ.

ಅವರ ಮುಖದಲ್ಲಿ ಕನಿಕರ ಕಂಡಿತು. ಕಾಲಬಳಿಯ ಚೀಲಕ್ಕೆ ಕೈಹಾಕಿ ಬೊಗಸೆ ತುಂಬ ಈರುಳ್ಳಿ ತೆಗೆದು ನನ್ನ ಮಡಿಲಿಗೆ ಹಾಕಿದರು. "ಸುಮ್ನೆ ಮಡೀಕಳಿ. ಒಂದು ಈರುಳ್ಳಿನ ಮಗಿನಂಗೆ ಹಿಡ್ಕಂಡು ಕೂತಿದ್ದೀರಿ, ನೋಡಕ್ಕಾಗಲ್ಲ."

ಅವತ್ತಿನ ಸಾರು ಚೆನ್ನಾಗಿಯೇ ಆಯಿತು.

ಬಾಗಿಲಲ್ಲಿ

ಬೆಳಕಿರಲಿ ಎಂದು ಗಿಡವನ್ನು ತಂತಿಯಲ್ಲಿ ಕಟ್ಟಿ ಮುಂಬಾಗಿಲಿಗೆ ನೇತುಹಾಕಿದೆ. ನಮ್ಮೂರಲ್ಲಿ ಬಾಗಿಲಿಗೆ ಮಣ್ಣಿಲ್ಲದ ಗಿಡ ಕಟ್ಟುವುದು ಒಂದೇ ಕಾರಣಕ್ಕೆ. ದೃಷ್ಟಿ ತಾಗದಿರಲಿ ಎಂದು ಲೋಳೆಸರ ಕಟ್ಟುತ್ತಾರೆ.

ಎದುರುಮನೆಯಾಕೆ ರಂಗೋಲಿ ಅರ್ಧಕ್ಕೇ ಬಿಟ್ಟು ಬಂದರು. "ಯಾರ ಕಣ್ಣು ಬಿತ್ತು ಟೀಚರ್?"

"ಯಾರದ್ದೂ ಇಲ್ಲ ಕಣ್ರೀ, ಇದು ಸುಮ್ನೆ ಅಂದಕ್ಕೆ."

"ಇರೋ ಊರು ಬಿಟ್ಟು ಎಲ್ಲಿಂದ್ಲೋ ತರಿಸಿದ್ದೀರಿ ಅಂದ್ರೆ ಕಣ್ಣು ಭಾರೀನೇ ಇರಬೇಕು. ಎದುರಿಗಿರೋದು ನಾವೊಬ್ರೇ," ಎಂದು ಹೊರಟುಹೋದರು. ಮಾರನೆಯ ದಿನ ಅವರ ಬಾಗಿಲಿಗೆ ಕುರಿಮರಿಯಷ್ಟು ದೊಡ್ಡ ಲೋಳೆಸರ ಬಂತು. ಕೆಳಗೊಂದು ಬೂದುಗುಂಬಳಕಾಯಿ. ಅದಕ್ಕೆ ಬರೆದ ಮುಖ ನೇರ ನಮ್ಮ ಮನೆಯನ್ನೇ ನೋಡುತ್ತಿತ್ತು.

ಸೋತು ನನ್ನ ಗಿಡವನ್ನು ಒಳಗೆ ತಂದೆ. ಹಾಲ್‌ನ ಕಿಟಕಿಯ ಪಕ್ಕ, ಪ್ಲಾಸ್ಟಿಕ್ ಹೂವಿನ ತೋರಣದ ಜೊತೆಗೇ ತೂಗುಹಾಕಿದೆ. ಅತ್ತೆ ಒಮ್ಮೆ ನೋಡಿ, "ಚೆನ್ನಾಗೈತೆ," ಎಂದರು. ನಮ್ಮತ್ತೆಯಿಂದ ಅಷ್ಟು ಬಂದರೆ ಪ್ರಶಸ್ತಿ ಬಂದಂತೆ.

ಸೋದರಮಾವನ ತೀರ್ಪು

ಅತ್ತೆ ಅಂತರಘಟ್ಟೆಗೆ ಹೋಗಿದ್ದ ದಿನ ಲಿಂಗದಹಳ್ಳಿಯಿಂದ ನನ್ನ ಸೋದರಮಾವ ಬಂದ. ಬಂದವನೇ ಗಿಡ ನೋಡಿ ಹೌಹಾರಿದ. "ಲೇ, ಬಂದಳಿಕೆ ಅಲ್ವೇನೇ ಇದು! ನಾವು ಮಾವಿನ ಮರದಿಂದ ಕಿತ್ತು ಬಿಸಾಕೋದನ್ನ ನೀನು ಹಾಲ್‌ನಲ್ಲಿ ಸಾಕ್ತೀಯಾ?"

"ಅಲ್ಲ ಮಾವ. ಬಂದಳಿಕೆ ಮರದ ಸಾರ ಹೀರುತ್ತೆ. ಇದು ಯಾರಿಗೂ ತೊಂದ್ರೆ ಕೊಡಲ್ಲ. ಸುಮ್ನೆ ಆತ್ಕೊಂಡಿರುತ್ತೆ."

"ದುಡಿಯಲ್ಲ?"

"ಇಲ್ಲ."

"ಮಣ್ಣಿಗೂ ಇಳಿಯಲ್ಲ?"

"ಇಲ್ಲ. ಗಾಳಿ, ಬೆಳಕು, ವಾರಕ್ಕೊಂದು ಸ್ನಾನ."

ಮಾವ ಸೋಫಾದ ಮೇಲೆ ಫೋನ್ ಹಿಡಿದು ಮಲಗಿದ್ದ ನನ್ನ ಗಂಡನತ್ತ ತಿರುಗಿ ಕೈಮುಗಿದ. "ಹಂಗನ್ನು. ಅಳಿಯಂದಿರ ಪೈಕಿ."

ಶುಕ್ರವಾರ

ತಿಂಗಳುಗಳು ಉರುಳಿದವು. ಗಿಡ ಸಾಯಲಿಲ್ಲ. ಅದನ್ನು ವಾರಕ್ಕೊಮ್ಮೆ ಮುಳುಗಿಸಬೇಕೆಂಬುದು ನನಗೆ ಮರೆತೇಹೋಗಿತ್ತು. ಅದಕ್ಕೆಂದು ತಂದ ಸ್ಪ್ರೇ ಬಾಟಲಿ ಇಸ್ತ್ರಿ ಟೇಬಲ್ಲಿಗೆ ಸೇರಿತ್ತು. ಆದರೂ ಅದು ಕೊಬ್ಬುತ್ತಾ ಹೋಗಿ ಕೊನೆಗೆ ನೇರಳೆ ಹೂವನ್ನೂ ಬಿಟ್ಟಿತು. ನನ್ನ ಕೈಗುಣ ಕೊನೆಗೂ ಬದಲಾಯಿತು ಎಂದು ನಾನು ನಿಜಕ್ಕೂ ನಂಬಿದೆ. ಸ್ಟಾಫ್ ರೂಮಿನಲ್ಲಿ ಗಾಳಿಗಿಡದ ಬಗ್ಗೆ ಕೇಳದವರಿಗೂ ಸಲಹೆ ಕೊಟ್ಟೆ.

ಶಾಲೆಗೆ ರಜೆಯಿದ್ದ ಒಂದು ಶುಕ್ರವಾರ ಮೇಡಂ ಬಂದೇಬಿಟ್ಟರು. ಗಿಡ ನೋಡಿ ಕನ್ನಡಕ ಸರಿಮಾಡಿಕೊಂಡರು. "ನಮ್ಮನೇಲೂ ಇಷ್ಟು ಚೆನ್ನಾಗಿ ಬಂದಿಲ್ವಲ್ಲೇ! ಹೇಗೆ ನೋಡ್ಕೊಂಡೆ?"

"ಎಲ್ಲ ನೀವು ಹೇಳಿದ ಹಾಗೇ ಮೇಡಂ," ಎಂದು ತಲೆ ತಗ್ಗಿಸಿದೆ. ವಿನಯಕ್ಕೆ.

ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು. ಶುಕ್ರವಾರ ಅವರು ಮನೆಯನ್ನೆಲ್ಲ ತೊಳೆಯುವ ದಿನ, ಆ ಹೊತ್ತಿಗೆ ನಾನು ಯಾವಾಗಲೂ ಶಾಲೆಯಲ್ಲಿರುತ್ತೇನೆ. ಅತ್ತೆ ತೋರಣ ಬಿಚ್ಚಿದರು, ಜೊತೆಗೆ ಗಿಡವನ್ನೂ. ಎರಡನ್ನೂ ಹಿತ್ತಲಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಹೊಸ್ತಿಲು ತೊಳೆದು ಬಂದರು. ಆಮೇಲೆ ಗಿಡವನ್ನೆತ್ತಿ ಪಟಪಟನೆ ಕೊಡವಿ, ನೆರಳಲ್ಲಿದ್ದ ಬಟ್ಟೆ ತಂತಿಗೆ ತಲೆಕೆಳಗಾಗಿ ಕ್ಲಿಪ್ ಹಾಕಿದರು.

ಮೇಡಂ ಅತ್ತೆಯ ಹಿಂದೆಯೇ ಹೋಗಿ ನಿಂತಿದ್ದರು. "ಅಮ್ಮಾ, ಇದೇ ಸರಿಯಾದ ಕ್ರಮ! ನಿಮಗೆ ಯಾರು ಹೇಳ್ಕೊಟ್ರು?"

"ಹೇಳ್ಕೊಡೋಕೇನೈತೆ ತಾಯಿ? ಪ್ಲಾಸ್ಟಿಕ್ ಹೂವು, ವಾರಕ್ಕೊಂದ್ಸಲ ತೊಳೀದಿದ್ರೆ ಧೂಳು ಕೂರ್ತೈತೆ."

"ಪ್ಲಾಸ್ಟಿಕ್ ಅಲ್ಲಮ್ಮಾ, ಇದು ಜೀವ ಇರೋ ಗಿಡ!"

ಅತ್ತೆ ಗಿಡವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಾಂಪೌಂಡಿನ ಕಡೆ ಕೈ ತೋರಿಸಿದರು.

"ಜೀವ ಇರೋದನ್ನೆಲ್ಲ ನಮ್ಮ ಸೊಸೇನೇ ನೋಡ್ಕೋತಾಳೆ. ಅಗೋ, ಅಲ್ಲಿ ಸಾಲಾಗಿಟ್ಟವ್ಳೆ."