ಗ್ರಂಥಾಲಯ ಮೆಚ್ಚಿದ ಪುಸ್ತಕ

ಲಿಫ್ಟ್ ರಿಪೇರಿ ಕಂಪನಿಯ ದೂರು ವಿಭಾಗದ ಗುಮಾಸ್ತನಿಗೆ ‘ಗ್ರಂಥಾಲಯ’ ಎಂಬ ಹೆಸರು ಬಿದ್ದದ್ದು ಒಂದು ಕೆಮ್ಮಿನಿಂದ. ಜ್ವರ ಬಂದು ಮನೆಯಿಂದಲೇ ವಿಡಿಯೋ ಮೀಟಿಂಗಿಗೆ ಕೂತ ದಿನ, ಅವನ ಬೆನ್ನ ಹಿಂದೆ ನೆಲದಿಂದ ಸೂರಿನವರೆಗೆ ಜೋಡಿಸಿದ್ದ ಪುಸ್ತಕಗಳು ಎಲ್ಲರಿಗೂ ಕಂಡವು. “ಇಷ್ಟೂ ಓದಿದೀರಾ?” ಎಂದು ಯಾರೋ ಕೇಳಿದರು. ಸರಿಯಾಗಿ ಆಗಲೇ ಅವನಿಗೆ ಕೆಮ್ಮು ಬಂತು. ಅದನ್ನು ಎಲ್ಲರೂ ‘ಹೌದು’ ಎಂದು ತಿಳಿದರು. ಇಲ್ಲ ಎನ್ನಲು ಅವನಿಗೂ ಮನಸ್ಸಾಗಲಿಲ್ಲ.

ನಿಜ ಗೊತ್ತಿದ್ದವಳು ಹೆಂಡತಿ ಮಾತ್ರ. “ಈ ಮನೇಲಿ ಪುಸ್ತಕ ಮುಟ್ಟೋಳು ನಾನೊಬ್ಳೇ, ಅದೂ ಧೂಳು ಹೊಡೆಯೋಕೆ” ಎನ್ನುತ್ತಿದ್ದಳು. ಪ್ರತಿ ರಜೆಗೆ ಮುಂಚೆ ಅವನು ‘ಈ ಸಲ ಓದೇ ಓದ್ತೀನಿ’ ಎಂದು ಚೀಲ ತುಂಬ ಪುಸ್ತಕ ತರುತ್ತಿದ್ದ. ಮೂರನೆಯ ಪುಟ ದಾಟುವಷ್ಟರಲ್ಲಿ ಅವನ ರೆಪ್ಪೆಗಳು ಅಂಗಡಿಯ ಶಟರಿನಂತೆ ಕೆಳಗಿಳಿಯುತ್ತಿದ್ದವು.

ಇಂಥವನನ್ನು ಆಫೀಸಿನ ಗೋಡೆಪತ್ರಿಕೆಯವರು ‘ರಜೆಗೆ ನನ್ನ ಮೆಚ್ಚಿನ ಓದು’ ಬರೆದುಕೊಡಿ ಎಂದು ಹಿಡಿದರು. ಅವನು ಮನೆಯ ಕಪಾಟಿನ ಮುಂದೆ ನಿಂತು ಕಣ್ಣಿಗೆ ಬಿದ್ದ ಒಂದು ಹಳದಿ ಪುಸ್ತಕ ಎಳೆದ. ‘ದೋಣಿಯಲ್ಲಿ ಹನ್ನೊಂದು ಮಂದಿ.’ ಮುಖಪುಟದಲ್ಲಿ ಹನ್ನೊಂದೂ ಜನ ಹಲ್ಲು ಬಿಟ್ಟುಕೊಂಡು ಕೂತಿದ್ದರು. ಅಷ್ಟು ಸಾಕಾಯಿತು. ‘ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮನಸ್ಸು ಕುಗ್ಗಿದಾಗಲೆಲ್ಲ ನಾನು ಓದುವ ಪುಸ್ತಕ’ ಎಂದು ಬರೆದುಕೊಟ್ಟ.

ರಜೆಗೆ ಮುಂಚಿನ ಕೊನೆಯ ದಿನ ಮ್ಯಾನೇಜರ್ ಮೇಡಂ ನೇರ ಅವನ ಮೇಜಿಗೇ ಬಂದರು. ಅವರು ಯಾರ ಮೇಜಿಗೂ ಹೋಗುವವರಲ್ಲ.

“ನಿಮಗೆ ಥ್ಯಾಂಕ್ಸ್ ಹೇಳಬೇಕು. ಅಮ್ಮನಿಗೆ ಬೆಳಗ್ಗೆ ಇಲ್ಲೇ ಎದುರಿನ ಆಸ್ಪತ್ರೇಲಿ ಕಣ್ಣಿನ ಆಪರೇಷನ್ ಆಯ್ತು. ಬಿಪಿ ಜಾಸ್ತಿ, ಸಂತೋಷವಾಗಿಟ್ಟಿರಿ ಅಂದ್ರು ಡಾಕ್ಟ್ರು. ನೀವು ಬರೆದಿದ್ರಲ್ಲ, ಆ ಪುಸ್ತಕಾನೇ ಕೊಂಡು ಹಾಸಿಗೆ ಪಕ್ಕ ಇಟ್ಟು ಬಂದಿದೀನಿ. ಮಧ್ಯಾಹ್ನ ನರ್ಸು ಓದಿ ಹೇಳ್ತಾರಂತೆ.”

ಅವನು ದೊಡ್ಡ ಉಪಕಾರ ಮಾಡಿದವನಂತೆ ತಲೆಬಾಗಿಸಿದ. ಮೇಡಂ ಅತ್ತ ಹೋದದ್ದೇ ತಡ, ಪಕ್ಕದ ಮೇಜಿನ ಲೆಕ್ಕದಮ್ಮ ಕುರ್ಚಿಸಮೇತ ಉರುಳಿಕೊಂಡು ಬಂದಳು.

“ಯಾವ ಪುಸ್ತಕ? ಹಳದಿ ರಟ್ಟಿನ ದೋಣೀದಾ? ನಗೆ ಬರುತ್ತೆ ಅಂದ್ರಾ? ಏನ್ರೀ, ಅದರಲ್ಲಿ ಹನ್ನೊಂದು ಜನಾನೂ ಸಾಯ್ತಾರಲ್ರೀ! ಅಧ್ಯಾಯಕ್ಕೊಬ್ರು! ಐದನೆಯವಳು ಕಣ್ಣಿನ ಆಪರೇಷನ್ ಆದ್ಮೇಲೇ ಸಾಯೋದು!”

ಅವನ ಕಿವಿ ಕಾದ ಹೆಂಚಿನಂತಾಯಿತು. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ದಿನವಿಡೀ ಫೋನಿನಲ್ಲಿ ‘ಗಾಬರಿಯಾಗಬೇಡಿ’ ಎನ್ನುವವನು ತಾನೇ ಗಾಬರಿಬಿದ್ದು, ಹೊಟ್ಟೆನೋವೆಂದು ಹೇಳಿ ಆಸ್ಪತ್ರೆಯ ಕಡೆ ಓಡಿದ.

ಮಹಿಳೆಯರ ವಾರ್ಡಿನಲ್ಲಿ ಮೇಡಂ ಅವರ ತಾಯಿ ಎರಡು ಕಣ್ಣಿಗೂ ಬಿಳಿ ಪಟ್ಟಿ ಕಟ್ಟಿಸಿಕೊಂಡು ಅಲುಗದೆ ಮಲಗಿದ್ದರು. ಪಕ್ಕದ ಸ್ಟೂಲಿನ ಮೇಲೆ ಹಳದಿ ಪುಸ್ತಕ. ಅವನು ಹಾಲಿಗೆ ಹೊಂಚುವ ಬೆಕ್ಕಿನಂತೆ ಹೆಜ್ಜೆಯಿಟ್ಟು ಕೈ ಚಾಚಿದ. ಪುಸ್ತಕ ಕೈಗೆ ಬಂತು. ಅದರ ಹಿಂದೆಯೇ ಮುದುಕಿಯ ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

“ಯಾರದು?”

“ನಾನು... ಮೇಡಂ ಆಫೀಸಿನವನು... ದೂರು ವಿಭಾಗ...”

“ಓ, ಗ್ರಂಥಾಲಯ! ಮಗಳು ಹೇಳ್ತಿರ್ತಾಳೆ. ಓದಿ ಹೇಳೋಕೆ ಬಂದೆಯೇನಪ್ಪ? ಎಷ್ಟು ಒಳ್ಳೆ ಮನಸ್ಸು! ಕೂತ್ಕೋ.”

ನರ್ಸು ಸಂತೋಷದಿಂದ ಸ್ಟೂಲು ಸರಿಸಿಕೊಟ್ಟು ತನ್ನ ಕೆಲಸಕ್ಕೆ ಹೋದಳು. ಅವನು ಪುಸ್ತಕ ತೆರೆದ. ಮೊದಲ ಸಾಲೇ ಎದೆಗೆ ಒದೆಯಿತು: ‘ಮೊದಲು ಸತ್ತವನು ಅಂಬಿಗ.’

“ಮೊದಲು ಸ... ಸಂತೋಷಪಟ್ಟವನು ಅಂಬಿಗ” ಎಂದು ಓದಿದ. ಮುಂದಿನ ಸಾಲು: ‘ಬೆಳಗಾಗುವಾಗ ನೀರಿನ ಮೇಲೆ ಹೆಣ ತೇಲಿ ಬಂತು.’

“ಬೆಳಗಾಗುವಾಗ ನೀರಿನ ಮೇಲೆ ಹಣ ತೇಲಿ ಬಂತು.”

“ಎಷ್ಟು?” ಎಂದಳು ಪಕ್ಕದ ಹಾಸಿಗೆಯ ಹಿಟ್ಟಿನ ಗಿರಣಿಯ ಒಡತಿ, ಎದ್ದು ಕೂತು.

“ಅದು... ಬರೆದಿಲ್ಲ. ದಡದಲ್ಲಿದ್ದ ವಿಧ... ದರ್ಜಿಯಮ್ಮ ಅದನ್ನು ನೋಡಿ ಎದೆ ಬಡಿದುಕೊಂಡು ಅತ್... ಹತ್ತಿದಳು.”

“ಏನು ಹತ್ತಿದಳು?”

“ದೋಣಿ.”

ಗಿರಣಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗು ಕೇಳಿ ಆಚೆಯ ಹಾಸಿಗೆಯವರು ಬಂದರು, ನೆಲ ಒರೆಸುತ್ತಿದ್ದವಳು ಕೋಲು ಊರಿ ನಿಂತಳು. ಈಗ ಅವನು ಪುಸ್ತಕ ನೋಡುವುದನ್ನೇ ಬಿಟ್ಟ. ಕತೆ ಹಳ್ಳ ಕಂಡ ನೀರಿನಂತೆ ಹರಿಯಿತು. ದರ್ಜಿಯಮ್ಮ ಅಂಬಿಗನ ಹರಿದ ಅಂಗಿ ಹೊಲಿದಳು. ಹೊಲಿಯುವಾಗ ತನ್ನ ತೋಳನ್ನೂ ಅದಕ್ಕೇ ಸೇರಿಸಿ ಹೊಲಿದುಬಿಟ್ಟಳು. ದಾರ ಕತ್ತರಿಸೋಣವೆಂದರೆ ಕತ್ತರಿ ಹೊಳೆಗೆ ಬಿತ್ತು. ಒಂದೇ ಅಂಗಿಯೊಳಗೆ ಇಬ್ಬರೂ ಊರಿಗೆ ಬಂದಾಗ ಎದುರಿಗೆ ನಿಂತಿದ್ದವನು ಅವಳಣ್ಣ. ಪುಟ ತಿರುಗಿಸುವುದು ಮರೆತುಹೋಗುತ್ತಿದ್ದುದರಿಂದ ಆಗಾಗ ಒಟ್ಟಿಗೆ ನಾಲ್ಕು ಪುಟ ತಿರುಗಿಸುತ್ತಿದ್ದ.

ಅಷ್ಟರಲ್ಲಿ ನರ್ಸು ಬಂದು ಗದರಿದಳು. ಎಲ್ಲರೂ ಒಲ್ಲದ ಮನಸ್ಸಿನಿಂದ ತಮ್ಮ ತಮ್ಮ ಹಾಸಿಗೆ ಸೇರಿದರು. ಮುದುಕಿ ಅವನನ್ನು ಹತ್ತಿರ ಕರೆದರು.

“ನನಗೆ ಪಟ್ಟಿ ಕಟ್ಟಿರೋದು ಕಣ್ಣಿಗೆ ಕಣಪ್ಪ, ಕಿವಿಗಲ್ಲ. ಈ ಪುಸ್ತಕಾನ ಹುಡುಗಿಯಾಗಿದ್ದಾಗಿಂದ ಮೂರು ಸಲ ಓದಿದೀನಿ. ಮೂರು ಸಲಾನೂ ಅತ್ತಿದೀನಿ. ನನ್ನ ಮಗಳಿಗೆ ಅದು ಗೊತ್ತಿಲ್ಲ. ಇದರಲ್ಲಿ ಒಬ್ಬನೂ ಬದುಕಲ್ಲ. ದರ್ಜಿಯಮ್ಮ ಇಲ್ಲವೇ ಇಲ್ಲ.”

ಅವನ ಕೈಯಲ್ಲಿದ್ದ ಪುಸ್ತಕ ಕಲ್ಲಿನಂತೆ ಭಾರವಾಯಿತು. ಓಡಿಹೋಗಬಹುದಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಆದರೆ ಕಾಣದವರ ಮುಂದೆಯೂ ಅವನಿಗೆ ತಲೆಯೆತ್ತಲಾಗಲಿಲ್ಲ.

“ನಾನು ಓದಿಲ್ಲಮ್ಮ” ಎಂದ. “ಇದನ್ನಷ್ಟೇ ಅಲ್ಲ, ನಮ್ಮನೇಲಿರೋ ಯಾವುದನ್ನೂ ಓದಿಲ್ಲ. ಮೂರನೇ ಪುಟಕ್ಕೆ ನಿದ್ದೆ ಬಂದ್ಬಿಡುತ್ತೆ. ಯಾರೋ ಗ್ರಂಥಾಲಯ ಅಂದ್ರು, ಕೇಳೋಕೆ ಚೆನ್ನಾಗಿತ್ತು, ಸುಮ್ನಿದ್ದೆ. ನನ್ನ ಮಾತು ನಂಬಿ ಮೇಡಂ ನಿಮಗೆ ಇದನ್ನ ತಂದುಕೊಟ್ರು. ನಿಮಗೇನಾದ್ರೂ ಆಗಿದ್ರೆ? ನನಗೆ ನಾಚಿಕೆ ಆಗ್ತಿದೆ.”

ಮುದುಕಿ ಅವನ ಕೈ ತಟ್ಟಿದರು. “ಏನಾಗಲ್ಲ ಹೋಗು. ನಿನ್ನ ಕತೇಲಿ ಯಾರೂ ಸಾಯಲಿಲ್ಲ, ನನಗೂ ಏನಾಗಲಿಲ್ಲ. ನನ್ನ ಮಗಳ ಕಿವಿಗೆ ಒಂದು ಮಾತೂ ಬೀಳಲ್ಲ. ಮಾತು ಕೊಡ್ತೀನಿ.”

ಅವನಿಗೆ ನೆಲಕ್ಕಿಳಿದ ಲಿಫ್ಟಿನ ಬಾಗಿಲು ತೆರೆದಂತಾಯಿತು. ಎದ್ದು ನಿಂತು ಕೈಮುಗಿದ. ಅವರು ದಿಂಬಿನ ಕೆಳಗೆ ತಡಕಿ ಫೋನು ತೆಗೆದು ಅವನತ್ತ ಚಾಚಿದರು.

“ಹೋಗೋ ಮುಂಚೆ ಇದನ್ನ ನೋಡು. ನೀನು ಓದೋಕೆ ಶುರು ಮಾಡ್ತಿದ್ದ ಹಾಗೇ ಗುಂಯ್‌ಗುಟ್ತು. ಸುಮ್ನಾಗಲಿ ಅಂತ ಕಾಣದೆ ಎಲ್ಲೋ ಒತ್ತಿದೆ. ಕಟ್ ಆಗಿದೆಯಾ?”

ಕಟ್ ಆಗಿರಲಿಲ್ಲ. ಪರದೆಯ ಮೇಲೆ ‘ಮಗಳು’ ಎಂದಿತ್ತು. ಅದರ ಪಕ್ಕದಲ್ಲಿ ನಿಮಿಷಗಳು ಇನ್ನೂ ಓಡುತ್ತಿದ್ದವು.

“ಹಲೋ” ಎಂದ, ಸತ್ತವನ ದನಿಯಲ್ಲಿ.

“ಕೇಳಿಸ್ತಿದೆ” ಎಂದರು ಮ್ಯಾನೇಜರ್ ಮೇಡಂ. “ಹೊಟ್ಟೆನೋವು ಹೇಗಿದೆ? ನಿಮ್ಮ ಓದಿನ ವಿಚಾರ ರಜೆ ಮುಗಿದ ಮೇಲೆ ಮಾತಾಡೋಣ. ಸ್ಪೀಕರ್ ಹಾಕಿದೀನಿ, ಆಫೀಸೆಲ್ಲ ಇಲ್ಲೇ ಇದೆ. ಯಾರೂ ಮನೆಗೆ ಹೊರಡ್ತಿಲ್ಲ.”

ಹಿಂದಿನಿಂದ ಲೆಕ್ಕದಮ್ಮನ ದನಿ ನುಗ್ಗಿ ಬಂತು. “ರೀ ಗ್ರಂಥಾಲಯ! ಅವಳಣ್ಣ ಏನಂದ? ಆ ಇಬ್ರಿಗೂ ಮದುವೆ ಆಯ್ತಾ ಇಲ್ವಾ?”

ಮುದುಕಿ ದಿಂಬಿನಿಂದ ತಲೆಯೆತ್ತಿದರು. ಗಿರಣಿಯಾಕೆ ಮತ್ತೆ ಎದ್ದು ಕೂತಳು. ಅವನು ಬೆವರುತ್ತ ಹಳದಿ ಪುಸ್ತಕವನ್ನು ತೆರೆದು, ಬಾಳಿನಲ್ಲಿ ಮೊದಲ ಬಾರಿಗೆ ಪುಟದಿಂದ ಪುಟಕ್ಕೆ ಆತುರದಿಂದ ಹುಡುಕಿದ. ಎಲ್ಲ ಪುಟಗಳಲ್ಲೂ ಜನ ಸಾಯುತ್ತಿದ್ದರು. ಮದುವೆಯ ಸುದ್ದಿ ಎಲ್ಲೂ ಇರಲಿಲ್ಲ.