ಸೋರುವ ನಲ್ಲಿಗೊಂದು ಧನ್ಯವಾದ

ಟಪ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಪ್. ಅಡುಗೆಮನೆಯ ನಲ್ಲಿಯಿಂದ ಸಿಂಕಿಗೆ ಬೀಳುವ ಹನಿಯ ಶಬ್ದ ಅದು. ನನ್ನ ಬೆಳಗಿನ ಕಾಫಿಗೆ ಅದೇ ತಾಳ. (ಹಾಡುಗಾರಿಕೆ ನನ್ನ ಹೆಂಡತಿಯದು.)

"ರೀ, ಆ ನಲ್ಲಿ."

ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವುದು ಅಭ್ಯಾಸ. ಹಾಗಾಗಿ ಅವಳ ಮಾತು ಪಿನ್ನಿನಷ್ಟೇ ಚಿಕ್ಕದು, ಪಿನ್ನಿನಷ್ಟೇ ಚೂಪು. ಅಡುಗೆಮನೆಯ ಗೋಡೆಯ ಆಚೆ ಬದಿ ಅವಳ ಹೊಲಿಗೆ ಕೋಣೆ. ಅದೇ ಗೋಡೆಯಲ್ಲಿ ಅವಳ ಬಟ್ಟೆಯ ಕಪಾಟು. ಅದರಲ್ಲಿ ಈಗ ಒಬ್ಬ ಮದುಮಗಳ ಉಡುಪು ತೂಗುತ್ತಿತ್ತು. ಒಂದೊಂದು ಮಣಿಯನ್ನೂ ಕೈಯಲ್ಲೇ ಕೂರಿಸಿ, ಕಣ್ಣು ಸವೆಸಿ ಮಾಡಿದ ಕೆಲಸ.

"ಗೋಡೆಗೆ ತೇವ ಇಳಿದ್ರೆ ನನ್ನ ಕಥೆ ಮುಗೀತು. ಇವತ್ತಾದ್ರೂ ಪ್ಲಂಬರನ್ನ ಕರ್ಕೊಂಡು ಬನ್ನಿ."

"ಆಗಲಿ" ಎಂದೆ. ನಲ್ಲಿ ಎಷ್ಟು ನಿಯಮಿತವಾಗಿ ಸೋರುತ್ತಿತ್ತೋ ಅಷ್ಟೇ ನಿಯಮಿತವಾಗಿ ನಾನು "ಆಗಲಿ" ಎನ್ನುತ್ತಿದ್ದೆ.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ಮುಚ್ಚಿಡೋಣವೆಂದರೆ ಕಥೆ ಮುಂದೆ ಹೋಗುವುದಿಲ್ಲ. ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಗುಮಾಸ್ತ. (ನಗಬೇಡಿ.) ಎದುರಿಗೆ ಗಾಜಿನ ಕಿಟಕಿ, ಗಾಜಿಗೆ ಒಂದು ದುಂಡು ತೂತು. ಊರಿನ ಸಿಟ್ಟೆಲ್ಲ ಆ ತೂತಿನಿಂದ ತೂರಿ ನೇರ ನನ್ನ ಮುಖಕ್ಕೆ ಬಂದು ಬಡಿಯುತ್ತದೆ. ನೀರು ಬಂದಿಲ್ಲ, ಬಂದದ್ದು ಕೆಂಪಗಿದೆ, ಬಂದದ್ದು ನಿಲ್ಲುತ್ತಿಲ್ಲ. ಮನೆಗೆ ಬಂದರೂ ನೀರಿನದೇ ದೂರು ಎಂದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಹೀಗಿರುವಾಗ ಕಚೇರಿಯಲ್ಲಿ ಒಂದು ಉಪನ್ಯಾಸ ಏರ್ಪಾಡಾಯಿತು. ಬಂದ ಭಾಷಣಕಾರರು ಒಂದೇ ಸಮನೆ ಮುಗುಳ್ನಗುತ್ತಿದ್ದರು. ಮೈಕು ಕೆಟ್ಟಾಗ ಅದಕ್ಕೂ ಕೈಮುಗಿದರು. "ಸಂತೋಷ ನಿಮ್ಮ ಆಯ್ಕೆ. ಇಲ್ಲದ್ದಕ್ಕೆ ಗೊಣಗಬೇಡಿ, ಇರುವುದಕ್ಕೆ ಧನ್ಯವಾದ ಹೇಳಿ" ಎಂದರು. ನನಗೆ ರೋಮಾಂಚನವಾಯಿತು. ನಮ್ಮ ಮನೆಯಲ್ಲಿ ಕಿಟಕಿಯ ಪರದೆಯಿಂದ ಹಿಡಿದು ನನ್ನ ಅಂಗಿಯ ಗುಂಡಿಯವರೆಗೆ ಎಲ್ಲ ಆಯ್ಕೆಯೂ ಹೆಂಡತಿಯದು. ಕೊನೆಗೂ ನನ್ನ ಪಾಲಿಗೊಂದು ಆಯ್ಕೆ ಉಳಿದಿತ್ತು!

ಅಂದೇ ಸಂಜೆ ಶಾಸನ ಹೊರಡಿಸಿದೆ. "ಇನ್ನು ಮೇಲೆ ಈ ಮನೇಲಿ ಯಾರೂ ಬರೀ ದೂರು ಹೇಳಬಾರದು. ಮೊದಲು ಒಂದು ಒಳ್ಳೆಯ ಮಾತು, ದೂರು ಆಮೇಲೆ."

ಕಿಟಕಿಯ ಬಳಿ ಕೂತಿದ್ದ ಅಮ್ಮ ಕನ್ನಡಕ ಏರಿಸಿಕೊಂಡಳು. "ನಾನೇ ಶುರು ಮಾಡ್ತೀನಿ ಕಣೋ. ನಿನ್ನಂಥ ಮಗ ಹುಟ್ಟಿದ್ದು ನನ್ನ ಪುಣ್ಯ. ಒಬ್ಬನೇ ಹುಟ್ಟಿದ್ದು ಅದಕ್ಕಿಂತ ದೊಡ್ಡ ಪುಣ್ಯ."

"ನೋಡು, ಅಮ್ಮ ಎಷ್ಟು ಬೇಗ ಕಲಿತುಬಿಟ್ಟಳು!" ಎಂದು ಹೆಂಡತಿಯತ್ತ ತಿರುಗಿದೆ. "ಈಗ ನೀನು ಹೇಳು."

"ನಲ್ಲಿ ಇದೆ. ಸಂತೋಷ. ಸೋರ್ತಿದೆ."

"ಅದರಲ್ಲಿ ಹೃದಯ ಇಲ್ಲ ಕಣೆ."

ಅವಳು ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು. (ಪಿನ್ನು ತೆಗೆದಳೆಂದರೆ ಉದ್ದದ ಮಾತು ಬರಲಿದೆ ಎಂದರ್ಥ.) "ನಮ್ಮ ನಲ್ಲೀಲಿ ತಿರುಗಿಸಿದ್ರೂ ನೀರು ಬರತ್ತೆ, ತಿರುಗಿಸದಿದ್ರೂ ಬರತ್ತೆ. ಇಂಥ ಉದಾರ ನಲ್ಲಿ, ಅದನ್ನ ನೋಡ್ತಾ ಕೂರೋ ಇಂಥ ತಾಳ್ಮೆಯ ಗಂಡ, ಎರಡೂ ಒಂದೇ ಮನೇಲಿ ಯಾರಿಗೆ ಸಿಗತ್ತೆ ಹೇಳಿ? ಪ್ಲಂಬರನ್ನ ಯಾವಾಗ ಕರೀತೀರಿ?"

"ಆ ಕೊನೇ ವಾಕ್ಯ ಬಿಟ್ಟರೆ ಬಹಳ ಚೆನ್ನಾಗಿತ್ತು" ಎಂದೆ.

ಆದರೂ ಗಂಡನಾಗಿ ನನಗೊಂದು ಕರ್ತವ್ಯವಿದೆಯಲ್ಲ. ಮರುದಿನ ಅವಳು ಕತ್ತರಿಸಿ ಬಿಸಾಡಿದ್ದ ಬಟ್ಟೆಯ ಪಟ್ಟಿಯೊಂದನ್ನು ಆಯ್ದು ತಂದೆ. ಒಂದು ತುದಿಯನ್ನು ನಲ್ಲಿಯ ಮೂತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಸಿಂಕಿನ ಹಿಂದೆ, ಗೋಡೆಯ ಸಂದಿಗೆ ಸಿಕ್ಕಿಸಿದೆ. ಹನಿಗಳು ಬಟ್ಟೆಯ ಮೇಲೆ ಸದ್ದಿಲ್ಲದೆ, ಸಾಲಾಗಿ, ಸಭ್ಯರಂತೆ ಜಾರಿ ಹೋದವು. ಟಪ್ ನಿಂತಿತು! ನಲ್ಲಿಗೆ ಕೈಮುಗಿದೆ. ಆ ಹುರುಪಿನಲ್ಲೇ ಬಲ್ಬಿಗೂ ಕಾಲೊರಸಿಗೂ ಧನ್ಯವಾದ ಹೇಳಿದೆ.

"ಆ ಪಟ್ಟಿ ತುದಿ ಎಲ್ಲಿ ಸಿಕ್ಕಿಸಿದೀರಿ, ನೋಡಿದ್ರಾ?" ಎಂದಳು ಹೆಂಡತಿ.

"ಮೊದಲು ಒಳ್ಳೆಯ ಮಾತು" ಎಂದು ನೆನಪಿಸಿದೆ.

ಅವಳು ಮತ್ತೆ ಪಿನ್ನು ಕಚ್ಚಿಕೊಂಡು ಒಳಗೆ ಹೋದಳು. ಆಮೇಲೆ ನಲ್ಲಿಯ ಸುದ್ದಿಯನ್ನೇ ಎತ್ತಲಿಲ್ಲ. ಅವಳೂ ಸಂತೋಷವನ್ನು ಆಯ್ದುಕೊಂಡಳು ಎಂದು ನಾನು ಹಿರಿಹಿರಿ ಹಿಗ್ಗಿದೆ.

ಹಿಗ್ಗನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಕಚೇರಿಯಲ್ಲಿ ಎಲ್ಲರಿಗೂ ಬಡಾಯಿ ಕೊಚ್ಚಿದೆ. ಅದು ನಮ್ಮ ಮೇಲಧಿಕಾರಿಗಳ ಕಿವಿಗೂ ಬಿತ್ತು. ಅವರು ಎಷ್ಟು ಮೆಚ್ಚಿದರೆಂದರೆ, "ಮೊದಲು ಒಂದು ಒಳ್ಳೆಯ ಮಾತು, ದೂರು ಆಮೇಲೆ" ಎಂಬ ಫಲಕವನ್ನು ನನ್ನ ಕಿಟಕಿಗೇ ತೂಗುಹಾಕಿಸಿದರು.

ಫಲಕ ನೋಡಿದ ಮೊದಲ ಅಜ್ಜ ತೂತಿಗೆ ಬಾಯಿಟ್ಟು, "ಗಾಳಿ ತುಂಬಾ ಚೆನ್ನಾಗಿ ಬರ್ತಿದೆ ಸಾರ್" ಎಂದರು.

"ಬಹಳ ಸಂತೋಷ."

"ನಲ್ಲಿಯಿಂದ."

ಮೇಲಧಿಕಾರಿಗಳು ನನ್ನ ಬೆನ್ನು ತಟ್ಟಿದರು. "ನಾಳೆ ದೊಡ್ಡವರೆಲ್ಲ ಬರ್ತಾರೆ. ಈ ಪ್ರಯೋಗದ ಬಗ್ಗೆ ನೀವೇ ನಾಲ್ಕು ಮಾತು ಹೇಳಬೇಕು. ಆ ಕೋಟು ಹಾಕ್ಕೊಂಡು ಬನ್ನಿ."

ನನ್ನಲ್ಲಿರುವುದು ಒಂದೇ ಕೋಟು. ಹೆಂಡತಿ ಹೊಲಿದುಕೊಟ್ಟದ್ದು. ಅದನ್ನು ತೊಟ್ಟರೆ ನನ್ನ ಹೊಟ್ಟೆ ಕೂಡ ಗಂಭೀರವಾಗಿ ಕಾಣುತ್ತದೆ. ಭಾಷಣದ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಮಥಿಸುತ್ತ, "ಮುಂದಿನವರು" ಎಂದೆ.

ಗಾಜಿನಾಚೆ ಮೊದಲು ಕಂಡದ್ದು ಕೊರಳಿಗೆ ಸುತ್ತಿಕೊಂಡ ಅಳತೆಯ ಟೇಪು. ಅದರ ಮೇಲೆ ನನ್ನ ಹೆಂಡತಿಯ ಮುಖ. ತುಟಿಯಲ್ಲಿ ಪಿನ್ನು ಇರಲಿಲ್ಲ.

"ನಮಸ್ಕಾರ ಸಾರ್."

"ನೀನು... ಇಲ್ಲಿ?"

"ದೂರು ಕೊಡಕ್ಕೆ ಬಂದೆ. ಮನೇಲಿ ಕೊಡೋ ಹಾಗಿಲ್ಲ. ಇಲ್ಲಿ ತಗೋತಾರೆ ಅಂತ ಕೇಳಿದ್ದೆ."

ನನ್ನ ಬೆನ್ನ ಹಿಂದೆ ನಿಂತಿದ್ದ ಮೇಲಧಿಕಾರಿಗಳಿಗೆ ಅವಳ ಗುರುತಿಲ್ಲ. "ಮೊದಲು ಒಂದು ಒಳ್ಳೆಯ ಮಾತು ಹೇಳಮ್ಮಾ" ಎಂದರು, ಬೆಲ್ಲದಂಥ ದನಿಯಲ್ಲಿ.

"ಇದೆ ಸಾರ್. ನಮ್ಮನೆ ನಲ್ಲಿ ಈಗ ಸದ್ದು ಮಾಡಲ್ಲ. ಇನ್ನು ದೂರು. ಯಾರೋ ಪುಣ್ಯಾತ್ಮರು ಅದಕ್ಕೆ ಬಟ್ಟೆ ಕಟ್ಟಿ ನೀರಿಗೆ ದಾರಿ ತೋರಿಸಿದಾರೆ. ನೀರೆಲ್ಲ ಗೋಡೆಯೊಳಗೆ ಹೋಗಿ ನನ್ನ ಕಪಾಟು ತೊಯ್ದು ತೊಪ್ಪೆ."

ನನ್ನ ಬಾಯಿಗೆ ಅದರದೇ ಆದ ಚಟವಿದೆ. "ಮೀಟರಿನಿಂದ ಒಳಗಿನ ನಲ್ಲಿ ನಮಗೆ ಸೇರಿದ್ದಲ್ಲ. ಅದು ಮನೆಯವರ ಜವಾಬ್ದಾರಿ" ಎಂದುಬಿಟ್ಟಿತು.

"ಮನೆಯವರಿಗೆ ಹೇಳಿದೆ ಸಾರ್. ಅವರು ನಲ್ಲಿಗೆ ಕೈಮುಗೀತಿದ್ದಾರೆ."

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಗಾಳಿಯ ಅಜ್ಜ ಇನ್ನೂ ಅಲ್ಲೇ ಇದ್ದರು. "ಪಾಪ, ಅವರಿಗೆ ತಲೆ ಸರಿ ಇದೆಯೇನಮ್ಮಾ?" ಎಂದು ಕೇಳಿದರು.

"ಒಳ್ಳೆಯ ಮನುಷ್ಯರು ಅಜ್ಜ. ಹೇಳಿದ ಕೆಲಸ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತಾರೆ."

ನಾನು ತೂತಿಗೆ ಮುಖ ತಂದು ಪಿಸುಗುಟ್ಟಿದೆ. "ಮದುಮಗಳ ಉಡುಪು?"

"ಒಂದು ಹನೀನೂ ತಾಗಿಲ್ಲ. ನೀವು ಪಟ್ಟಿ ಕಟ್ಟಿದ ದಿನವೇ ತೆಗೆದು ನಿಮ್ಮ ಬೀರುವಿಗೆ ಹಾಕಿದೆ."

ಹೋದ ಜೀವ ಬಂತು. ಬಂದ ಜೀವ ಒಂದು ಕ್ಷಣ ಯೋಚಿಸಿತು. "ಹಾಗಾದ್ರೆ ನನ್ನ ಬೀರುವಿನಲ್ಲಿದ್ದ ಕೋಟು?"

"ಎಲ್ಲಾದ್ರೂ ಇಡಬೇಕಲ್ಲ. ನನ್ನ ಕಪಾಟು ಖಾಲಿ ಇತ್ತು." ಫಲಕವನ್ನೊಮ್ಮೆ ಓದಿಕೊಂಡಳು. "ಮೊದಲು ಒಳ್ಳೆಯ ಮಾತು ಹೇಳ್ತೀನಿ. ಕೋಟು ಇದೆ. ಅದರ ಬಣ್ಣ, ವಾಸನೆ ಆಮೇಲೆ."

ತೂತಿನ ಅಂಚಿನ ಮೇಲೆ ಅವಳ ಬೆರಳಿತ್ತು. ತುದಿಯ ತುಂಬ ಸೂಜಿ ಚುಚ್ಚಿದ ಸಣ್ಣ ಸಣ್ಣ ಕಲೆಗಳು. ನಲ್ಲಿಗೆ, ಬಲ್ಬಿಗೆ, ಕಾಲೊರಸಿಗೆ ಧನ್ಯವಾದ ಹೇಳಿದ್ದೆ. ನನ್ನ ಅಂಗಿಯ ಒಂದೊಂದು ಗುಂಡಿಯನ್ನೂ ಕೂರಿಸಿದ ಈ ಬೆರಳಿಗೆ ಒಮ್ಮೆಯೂ ಹೇಳಿರಲಿಲ್ಲ.

"ಲೇ, ಸ್ವಲ್ಪ ನಿಲ್ಲು. ನಾನು ನಿನಗೆ..."

"ಗುಂಡಿಗೆ ಕಾಜಾ ಹೊಲಿಯೋದಿದೆ. ಸಂಜೆ ಮದುಮಗಳು ಉಡುಪು ತಗೊಳ್ಳಕ್ಕೆ ಬರ್ತಾಳೆ" ಎನ್ನುತ್ತ ಆಗಲೇ ಬಾಗಿಲು ದಾಟಿದ್ದಳು.

ನಾನು ಎದ್ದು ನಿಂತೆ. "ಸಾರ್, ನನಗೆ ಅರ್ಧ ದಿನ ರಜೆ ಬೇಕು. ಪ್ಲಂಬರನ್ನ ಕರೀಬೇಕು."

ಮೇಲಧಿಕಾರಿಗಳು ಫಲಕದ ಕಡೆ ಬೆರಳು ತೋರಿಸಿ ಮುಗುಳ್ನಕ್ಕರು. "ಮೊದಲು ಒಂದು ಒಳ್ಳೆಯ ಮಾತು."

"ಈಗ ಬಂದು ಹೋದಳಲ್ಲ ಸಾರ್, ಅವಳು ನನ್ನ ಹೆಂಡತಿ."

"ಓಹೋ! ಸಂತೋಷ, ಬಹಳ ಸಂತೋಷ. ಆಮೇಲೆ?"

ಆಮೇಲಿನದನ್ನು ಹೇಳಲು ನಾನು ಅಲ್ಲಿ ನಿಂತಿರಲಿಲ್ಲ.