ಕಡಿಮೆಯಾಗದ ಕ್ರೀಮಿನ ಡಬ್ಬಿ

ನನ್ನ ಗಂಡನ ಕೈ ಬೆಳ್ಳಗಾದ ದಿನವೇ ನನಗೆ ಅನುಮಾನ ಹುಟ್ಟಿತು.

ಇವರು ಸ್ಕೂಟರ್ ಮೆಕ್ಯಾನಿಕ್. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಇವರ ಉಗುರಿನ ಅಸಲಿ ಬಣ್ಣ ಯಾವುದೆಂದು ನಾನು ಕಂಡವಳಲ್ಲ. ಬಾಗಿಲು, ಸ್ವಿಚ್ಚು, ನೀರಿನ ಲೋಟ, ಎಲ್ಲದರ ಮೇಲೂ ಗ್ರೀಸಿನ ಹಸ್ತಾಕ್ಷರ. ಅಂಥವರು ಒಂದು ದಿನ ಊಟಕ್ಕೆ ಕೂತಾಗ ನೋಡುತ್ತೇನೆ, ಉಗುರು ಬೆಳ್ಳಗೆ, ಅಂಗೈ ಮೆತ್ತಗೆ. ಮೇಲೆ ಏನೋ ಹಣ್ಣಿನ ಘಮ. ಎಲ್ಲೋ ಮೂಸಿದ ಘಮವೇ, ಆದರೆ ಎಲ್ಲಿ ಅಂತ ಹೊಳೆಯಲಿಲ್ಲ. (ದಿನಕ್ಕೆ ಏಳು ಥರದ ಕ್ರೀಮು ಬಳಿದುಕೊಂಡು ನನ್ನ ಮೂಗು ಅರ್ಧ ರಾಜೀನಾಮೆ ಕೊಟ್ಟಿತ್ತು.)

"ಏನ್ರೀ, ಕೈ ಇಷ್ಟು ಕ್ಲೀನು?" ಎಂದೆ.

"ತೊಳ್ಕೊಂಡೆ," ಎಂದರು.

ಇಪ್ಪತ್ತೆರಡು ವರ್ಷದಿಂದ ತೊಳೆಯದ ಕೈಯನ್ನು ಗಂಡಸು ಈಗ ತೊಳೆಯುತ್ತಾನೆಂದರೆ ಅದನ್ನು ಹಿಡಿಯುವವಳು ಯಾರೋ ಇರಬೇಕಲ್ಲ.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ದಿನವಿಡೀ ಗಿರಾಕಿಗಳು ನನ್ನ ನಿಲುವುಗನ್ನಡಿಯ ಮುಂದೆ ನಿಲ್ಲುತ್ತಾರೆ, ಅವರ ಹಿಂದೆ ಟೇಪು ಹಿಡಿದು ನಿಂತ ನನ್ನ ನಲವತ್ತೈದರ ಮುಖವೂ ಕಾಣುತ್ತದೆ. ಆ ಮುಖದ ಉದ್ಧಾರಕ್ಕೆ ಏಳು ಹಂತದ ಮಹಾಯೋಜನೆ ಹೂಡಿದ್ದೆ. ಬೆಳಿಗ್ಗೆ ಸ್ಕ್ರಬ್ ಹಾಕಿ ಉಜ್ಜುವುದು, ಮಧ್ಯಾಹ್ನ ಬ್ಯೂಟಿ ಅಂಗಡಿಯ ಆಸಿಡ್ ಹಚ್ಚಿ ಸುಲಿಯುವುದು, ರಾತ್ರಿ ಸುಲಿದ ಜಾಗಕ್ಕೆ ಬಳಿಯುವುದು. ಮೂರು ತಿಂಗಳ ಹಿಂದೆ ಮುಖ ಕೆಂಪಾಗಿ ಸಿಪ್ಪೆ ಏಳತೊಡಗಿದಾಗ ಇವರೇ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದರು.

"ಚರ್ಮಕ್ಕೇನೂ ರೋಗ ಇಲ್ಲಮ್ಮ, ನಿಮ್ಮ ಕಾಟ ಜಾಸ್ತಿಯಾಗಿದೆ ಅದಕ್ಕೆ," ಎಂದರು ಡಾಕ್ಟರಮ್ಮ. "ಮೂರು ತಿಂಗಳು ಎಲ್ಲಾ ನಿಲ್ಸಿ. ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು."

ಅವರ ಮುಖ ನೋಡಿದೆ, ಒಂದು ಕಲೆ ಇಲ್ಲ. ಅಂಥ ಮುಖ ಇರುವವರು ಇನ್ನೊಬ್ಬರಿಗೆ ಗುಟ್ಟು ಬಿಟ್ಟುಕೊಡುತ್ತಾರೆಯೇ? ಮನೆಗೆ ಬಂದು ಏಳೂ ಹಂತ ಮುಂದುವರಿಸಿದೆ. ನೋಡಿ, ಎರಡೇ ವಾರಕ್ಕೆ ಕೆಂಪು ಹೋಗಿ ಮುಖ ಫಳಫಳ. ಆಸಿಡ್ ಹಚ್ಚಿದರೆ ಮೊದಲಿನ ಉರಿಯೂ ಇಲ್ಲ, ಚರ್ಮ ಪಳಗಿತು ಅಂದುಕೊಂಡೆ. ಗಿರಾಕಿಗಳೆಲ್ಲ ಗುಟ್ಟು ಕೇಳಿದರು. ತೋಳಿನ ಅಳತೆ ತೆಗೆಯುತ್ತಾ ಏಳು ಹಂತವನ್ನೂ ಬಾಯಿಪಾಠ ಮಾಡಿಸಿ ಕಳಿಸಿದೆ. ಎಲ್ಲರಿಗಿಂತ ಮೊದಲು ಶುರು ಮಾಡಿದವರು ಎದುರುಮನೆಯ ಬ್ಯಾಂಕ್ ಮೇಡಂ.

ಇವರ ಕೈ ನೋಡಿದ ಮೇಲೆ ನನ್ನ ಕಪಾಟು ತಪಾಸಣೆಗೆ ಒಳಪಟ್ಟಿತು. ಡಾಕ್ಟರ ಬಳಿ ಹೋಗಿ ಬಂದ ವಾರವೇ ಸ್ಕ್ರಬ್ ಟ್ಯೂಬು ಮಾಯವಾಗಿದ್ದು, ಅಂದಿನಿಂದ ಕಡಲೆಹಿಟ್ಟಿನಲ್ಲಿ ಉಜ್ಜಿಕೊಳ್ಳುತ್ತಿದ್ದುದು ಆಗ ನೆನಪಾಯಿತು. ಉಳಿದ ಡಬ್ಬಿಗಳ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದೆ, ಒಳಗೆ ಸೂಜಿ ಇಳಿಸಿ ಟೇಪಿನಲ್ಲಿ ಆಳ ಅಳೆದೆ. ಒಂದು ವಾರ ದಿನವೂ ಬಳಿದುಕೊಂಡು ಮತ್ತೆ ಅಳೆದರೆ, ಕ್ರೀಮು ಕಡಿಮೆಯಾಗಿಲ್ಲ. ಗೆರೆಗಿಂತ ಒಂದು ನೂಲಿನಷ್ಟು ಮೇಲೇ ಬಂದಿದೆ.

ಎಲ್ಲ ಅರ್ಥವಾಯಿತು. ಅಸಲಿ ಕ್ರೀಮು ಅವಳಿಗೆ, ನನಗೆ ಗೊತ್ತಾಗದಿರಲಿ ಅಂತ ಈ ಡಬ್ಬಿಗೆ ಇನ್ನೇನೋ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಟೇಪು ಕೊರಳಲ್ಲಿ ನೇತಾಡುತ್ತಿದ್ದಂತೆಯೇ ಗ್ಯಾರೇಜಿಗೆ ನಡೆದೆ.

ಇವರು ನಲ್ಲಿಯ ಕೆಳಗೆ ಕೈ ಉಜ್ಜುತ್ತಿದ್ದರು. ಕೈಯಲ್ಲಿ ನನ್ನ ಸ್ಕ್ರಬ್ ಟ್ಯೂಬು.

"ಯಾರ್ರೀ ಅವಳು?"

"ಯಾವ ಸ್ಕೂಟರಿನೋಳು?"

"ನಾಟಕ ಬೇಡ. ನನ್ನ ಕ್ರೀಮು, ಆಸಿಡ್ಡು ಯಾರಿಗೆ ಕೊಡ್ತಿದ್ದೀರಿ?"

ಇವರು ಮೂಲೆಯ ತಟ್ಟೆ ತೋರಿಸಿದರು. ತುಕ್ಕು ಹಿಡಿದ ಬೋಲ್ಟುಗಳು ನನ್ನ ಆಸಿಡ್ಡಿನಲ್ಲಿ ಸ್ನಾನ ಮಾಡುತ್ತಿದ್ದವು.

"ಇವಕ್ಕೆ. ಬಿಸಾಡೋಕೆ ಮನಸ್ಸು ಬರ್ಲಿಲ್ಲ ಕಣೇ. ಒಂದು ದಿನ ನೆನೆಸಿಟ್ರೆ ತುಕ್ಕು ಹೇಗೆ ಬಿಡುತ್ತೆ ನೋಡು. ಗ್ರೀಸು ತೆಗೆಯೋಕೆ ನಿನ್ನ ಸ್ಕ್ರಬ್ಬನ್ನ ಮೀರಿಸೋದು ಇಲ್ಲ."

"ಹಾಗಾದ್ರೆ ನನ್ನ ಬಾಟಲಿಯಲ್ಲಿ ಇರೋದು?"

"ಕಾಯಿಸಿ ಆರಿಸಿದ ನೀರು."

"ಡಬ್ಬಿಗಳಲ್ಲಿ?"

ಇವರು ಕೈ ಒರೆಸಿಕೊಂಡು ಶೆಲ್ಫಿನಿಂದ ಒಂದು ದೊಡ್ಡ ಡಬ್ಬ ಇಳಿಸಿದರು. ಬ್ಯಾಟರಿ ಟರ್ಮಿನಲ್ಲಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿ. "ಡಾಕ್ಟರಮ್ಮ ಹೇಳಿದ್ದೂ ಇದೇ ತಾನೇ? ನಿಂಗೆ ಅಂತ ಮೆಡಿಕಲ್ ಸ್ಟೋರಿಂದ ಒಳ್ಳೇದೇ ತಂದೆ. ಮಿಕ್ಕಿದ್ದು ಬ್ಯಾಟರಿಗೆ. ನಿಂಗೆ ಗೊತ್ತಾಗದ ಹಾಗೆ ಬಣ್ಣಕ್ಕೆ ಹಳೇ ಕ್ರೀಮೂ ಚೂರು ಕಲಸಿದೆ."

"ನನಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಎಂಟನೇ ಹಂತ ಶುರು ಮಾಡ್ತಿದ್ದೆ. ಸುಟ್ಟ ಮುಖ ಇಟ್ಕೊಂಡು ನೀನು ನಗ್ತಿದ್ರೆ ನಂಗೆ ನೋಡೋಕಾಗ್ತಿರ್ಲಿಲ್ಲ."

ಒಂದು ದಿನವೂ 'ಚೆನ್ನಾಗಿದ್ದೀಯ' ಎನ್ನದ ಮನುಷ್ಯ ಮೂರು ತಿಂಗಳು ಕದ್ದು ಕದ್ದು ನನ್ನ ಡಬ್ಬಿ ತುಂಬಿದ್ದಾರೆ. ಟೇಪಿನ ತುದಿಯಲ್ಲೇ ಕಣ್ಣೊರೆಸಿಕೊಂಡು ಮನೆಗೆ ಬಂದೆ.

ಬಾಗಿಲಲ್ಲಿ ಬ್ಯಾಂಕ್ ಮೇಡಂ ನಿಂತಿದ್ದರು. ಮುಖ ಬೇಯಿಸಿದ ಬೀಟ್‌ರೂಟು.

"ಏಳೂ ಹಂತ ತಪ್ಪದೆ ಮಾಡ್ದೆ ಕಣ್ರೀ. ನಿಮ್ಮ ಮುಖ ಹಾಗೆ, ನಂದು ಹೀಗೆ. ಏನೋ ಒಂದು ಮುಚ್ಚಿಟ್ಟಿದ್ದೀರಿ ನೀವು."

ಅವರ ಕಣ್ಣಲ್ಲಿ ಇದ್ದದ್ದು ನಾನು ಡಾಕ್ಟರಮ್ಮನನ್ನು ನೋಡಿದ್ದ ಅದೇ ನೋಟ. ಸತ್ಯ ಹೇಳದೆ ದಾರಿ ಇರಲಿಲ್ಲ. ಎಲ್ಲಾ ನಿಲ್ಲಿಸಿ ಎಂದೆ, ಜೆಲ್ಲಿಯೊಂದೇ ಸಾಕು ಎಂದೆ. ಅವರು ನಂಬಲಿಲ್ಲ. "ಅಂಗಡಿ ಜೆಲ್ಲಿ ನಾನೂ ಹಚ್ಚಿದೀನಿ. ನಿಮ್ಮನೆಯವರ ಹತ್ರ ಇರೋದು ಬೇರೆ ಏನೋ ಇರ್ಬೇಕು," ಎಂದು ಸೀದಾ ಗ್ಯಾರೇಜಿಗೆ ಹೋದರು.

ಸುದ್ದಿ ನನ್ನ ಗಿರಾಕಿಗಳಿಗೆಲ್ಲ ಹಬ್ಬಿತು. ಈಗ ಅವರು ನನ್ನಲ್ಲಿಗೆ ಬರುವುದು ಅಳತೆ ಕೊಡಲು ಮಾತ್ರ. ಮುಖದ ವಿಚಾರಕ್ಕೆ ಕೈಯಲ್ಲೊಂದು ಖಾಲಿ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋಗುತ್ತಾರೆ. ಇವರು ಒಬ್ಬೊಬ್ಬರ ಮುಖವನ್ನೂ ಬೆಳಕಿಗೆ ತಿರುಗಿಸಿ ನೋಡಿ, "ಎಲ್ಲಾ ನಿಲ್ಸಿ" ಎನ್ನುತ್ತಾರಂತೆ. ನಾನು ಹೇಳಿದರೆ ಕೇಳದವರು ಇವರು ಹೇಳಿದರೆ ತಲೆಯಾಡಿಸುತ್ತಾರಂತೆ.

ಇಲ್ಲದ ಒಬ್ಬಳನ್ನು ಹಿಡಿಯಲು ಹೋಗಿ ಇರುವ ಹನ್ನೊಂದು ಜನ ಗಿರಾಕಿಗಳನ್ನು ನಾನೇ ಇವರ ಬಳಿ ಕಳಿಸಿಕೊಟ್ಟ ಹಾಗಾಯಿತು. ನಿನ್ನೆ ಇವರು ಕನ್ನಡಿ ಮುಂದೆ ನಿಂತು ತಲೆ ಬಾಚುತ್ತಿದ್ದರು, ಎರಡು ಸಲ. ಮೂರನೇ ಸಲ ಬಾಚಿದರೆ ಗೊತ್ತಾಗಲಿ ಅಂತ ಬಾಚಣಿಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿಟ್ಟಿದ್ದೇನೆ.